ಬೀಗರೂಟಕ್ಕೆ ಬಾಳೆ ಮೀನು

ನಾನು ಜಗಲಿ ಮೇಲೆ ಸುಮ್ನೆ ಬೀಡಿ ಸೇದ್ಕೊಂಡು ಕೂತಿದ್ರೂ ಇಂಥವೆಲ್ಲ ಮನೆ ವಿಚಾರಿಸ್ಕೊಂಡು ಬಂದು ನನ್ನ ತಲೆ ಮೇಲೇ ಬೀಳ್ತವೆ. ಬೇರೆಯೋರಿಗೆ ಜೀವಮಾನದಲ್ಲಿ ಒಂದು ಸಲ ಆಗೋದು ನನಗೆ ವಾರದ ಸಂತೆ ಹಂಗೆ ತಪ್ಪದೆ ಆಗ್ತದೆ. ಇಸ್ಕೂಲ್ ಮೆಟ್ಲು ತುಳಿದೋನಲ್ಲ ನಾನು. ಬಂಗಾರಪೇಟೆ ಬಸ್ ಸ್ಟ್ಯಾಂಡಿನಲ್ಲಿ ಬಸ್ಸಿನ ಬೋರ್ಡು ನೋಡಿ ನೋಡಿ ಅಕ್ಷರ ಕಲ್ತೋನು. ಆದ್ರೆ ಬೇತಮಂಗಲದ ಕೆರೆಯಲ್ಲಿ ಯಾವ ಮೀನು ಯಾವ ಬಂಡೆ ಪಕ್ಕ ಮಲಗ್ತದೆ, ಯಾವುದಕ್ಕೆ ಯಾವುದರ ಮೇಲೆ ಮುನಿಸು ಅಂತ ಹೇಳೋ ಗಂಡಸು ಈ ಸೀಮೆಯಲ್ಲಿ ನಾನೊಬ್ನೇ. ಅಂಥ ನನ್ನನ್ನೇ ಹೋದ ಬೇಸಿಗೆಯಲ್ಲಿ ಆ ಕೆರೆ ಹೆಂಗೆ ದಂಗುಬಡಿಸ್ತು ಅಂತ ಹೇಳ್ತೀನಿ ಕೇಳಿ.

ಬಾಯಿ ಬಿಟ್ಟಿದ್ದು

ಮೊಮ್ಮಗಳಿಗೆ ಗಂಡು ಗೊತ್ತಾಯ್ತು, ಕಾಮಸಮುದ್ರದ ಕಡೆ. ಗಂಡಿನ ತಾತ, ಅಂದ್ರೆ ನನ್ನ ಬೀಗರು, ಆಳು ಹುಲ್ಲಿನ ಮೆದೆ ಇದ್ದಂಗೆ. ಗಂಟಲು ತೆಗೆದ್ರೆ ಮೈಕು ಬೇಡ. ಎಲ್ಲ ಒಪ್ಪಿಗೆಯಾಗಿ ಎಲೆ ಅಡಿಕೆ ಕೈಗೆ ಬಂದ ಮೇಲೆ, ಬೀಗರೂಟಕ್ಕೆ ಏನು ಮಾಡಿಸ್ತೀರಿ ಅಂತ ಕೇಳಿದ್ರು. ಮರಿ ಕಡೀತೀವಿ, ಮುದ್ದೆ ಮಾಡಿಸ್ತೀವಿ ಅಂದೆ. ಅದು ಎಲ್ರ ಮನೇಲೂ ಇರೋದೇ ಅಲ್ವಾ ಅಂತ ಮೂಗೆಳೆದ್ರು.

ಅಲ್ಲಿಗೆ ನಾನು ಸುಮ್ನಿರಬೇಕಿತ್ತು. ಸುಮ್ನಿರೋ ವಿದ್ಯೆ ನನಗೆ ಬಸ್ಸಿನ ಬೋರ್ಡಿನಲ್ಲಿ ಸಿಗ್ಲಿಲ್ಲ. ಬಾಳೆ ಮೀನು ಗೊತ್ತಲ್ಲ, ಮೈಮೇಲೆ ಪೊರೆ ಇಲ್ಲದೆ ನುಣ್ಣಗೆ, ಉದ್ದಕ್ಕೆ, ಬಾಯಿ ಮಾತ್ರ ಮೊಸಳೆ ಬಾಯಿ ಹಂಗೆ ಅಗಲಕ್ಕೆ ಇರ್ತದೆ. ಸುಲಭಕ್ಕೆ ಸಿಗೋದಲ್ಲ. ನಾನು ಎದೆ ಉಬ್ಬಿಸಿ ಅಂದೆ:

"ಬೀಗ್ರೇ, ನಿಮ್ಮ ಪಂಕ್ತಿಯ ಒಂದೊಂದು ಎಲೆಗೂ ನನ್ನ ಗಾಳದಲ್ಲಿ ನಾನೇ ಇಡಿದ ಬಾಳೆ ಮೀನಿನ ತುಂಡು ಬೀಳ್ತದೆ. ಬೀಳದಿದ್ರೆ ನಿಮ್ಮೋರ ಎಂಜಲೆಲೇನ ನಾನೇ ಕೈಯಾರ ಎತ್ತುತೀನಿ."

ಹೆಣ್ಣಿನ ತಾತ ಬೀಗರ ಎಂಜಲೆಲೆ ಎತ್ತೋದು ಅಂದ್ರೆ ಆಟದ ಮಾತಲ್ಲ. ನಾಳೆ ಆ ಮನೇಲಿ ಸಾರಿಗೆ ಉಪ್ಪು ಕಮ್ಮಿ ಆದ್ರೂ ಎಲೆ ಎತ್ತಿದೋನ ಮೊಮ್ಮಗಳು ಅನ್ನಿಸ್ಕೋಬೇಕು ಆ ಮಗು. ಒಳಗಿಂದ ಅವಳು ಇಣುಕಿ ನೋಡಿದ್ಲು. ಮುಖದಲ್ಲಿ ರಕ್ತ ಇರ್ಲಿಲ್ಲ. ಬೀಗರು ಮಾತ್ರ ತೊಡೆ ತಟ್ಕೊಂಡು, ಆಗ್ಲಿ, ಮಾತು ಮಾತೇ ಅಂದ್ರು.

ವಾಪಸ್ ಬರೋವಾಗ ಬಸ್ಸಿನಲ್ಲಿ ನನ್ನ ಹೆಂಡ್ತಿ ಕಿಟಕಿ ಕಡೆ ಮುಖ ಮಾಡ್ಕೊಂಡೇ ಹೇಳಿದ್ಲು:

"ಆ ಕೆರೇಗೆ ಯಾಕೆ ಓಗ್ತೀಯ. ಗಾಳ ನಿನ್ನ ಬಾಯಿಗೇ ಆಕಿದ್ರೆ ಆಗ್ತಿತ್ತು. ಅದಕ್ಕಿಂತ ದೊಡ್ಡ ಬಾಯಿ ಅಲ್ಲೂ ಇಲ್ಲ."

ಆಳ

ಬಾಳೆ ಮೀನು ದಡದಲ್ಲಿ ಕೂತು ಗಾಳ ಹಾಕಿದ್ರೆ ಬರಲ್ಲ. ಹರಿಗೋಲಿನಲ್ಲಿ ಹೋಗ್ತಾ ಇರಬೇಕು, ಹಿಂದೆ ಉದ್ದ ದಾರದ ತುದೀಲಿ ಸ್ಟೀಲ್ ಚಮಚದ ತಲೆ, ಅದಕ್ಕೆ ಗಾಳ. ಚಮಚ ನೀರಿನೊಳಗೆ ತಿರುಗ್ತಾ ಮಿಂಚ್ತಾ ಬಂದ್ರೆ ಮರಿಮೀನು ಅಂತ ನುಂಗ್ತದೆ. ಆದ್ರೆ ಜೋರಾಗಿ ಹೋದ್ರೆ ಚಮಚ ಮೇಲಕ್ಕೆ ಬಂದು ನೀರಿನ ಮೇಲೆ ಕುಣೀತದೆ. ನಿಧಾನ ಮಾಡಿದ್ರೆ ತಳಕ್ಕೆ ಕೂತ್ಕೊಳ್ತದೆ. ಬಿಸಿಲಿಗೆ ಮೀನು ತಣ್ಣಗಿರೋ ಕಡೆ, ಆಳದಲ್ಲಿ, ತಳಕ್ಕಿಂತ ಒಂದು ಮಾರು ಮೇಲೆ ನಿಂತಿರ್ತದೆ. ಚಮಚ ಸರಿಯಾಗಿ ಅದರ ಮೂಗಿನ ಮುಂದೆ ಹಾಯಬೇಕು. ಇಷ್ಟೇ ವಿದ್ಯೆ. ಇಷ್ಟರಲ್ಲೇ ನನ್ನ ಪ್ರಾಣ ಹೋಯ್ತು.

ಮೊದಲ್ನೇ ದಿನ ಚಮಚ ಮೇಲೇ ತೇಲ್ತು. ಮೀನು ಬರ್ಲಿಲ್ಲ, ಒಂದು ಬೆಳ್ಳಕ್ಕಿ ಬಂದು ನೋಡ್ಕೊಂಡು ಹೋಯ್ತು. ಭಾರ ಕಟ್ಟಬೇಕು ಅಂತ ಯೋಚನೆ ಮಾಡ್ದೆ. ನಮ್ಮನೆ ಬಾಗಿಲು ಗಾಳಿಗೆ ಬಡಿದುಕೊಳ್ಳದ ಹಂಗೆ ಒಂದು ಕಬ್ಬಿಣದ ಗುಂಡು ಇಟ್ಟಿರ್ತೀವಿ. ಮೈಸೂರು ಮೈನ್ಸ್ ಅನ್ನೋ ಚಿನ್ನದ ಗಣಿ ನಡೀತಿದ್ದಾಗ ಕಲ್ಲು ಅರೆಯೋ ಮಿಲ್ಲಿನೊಳಗೆ ಉರುಳ್ತಿದ್ದ ಗುಂಡು ಅದು. ಬಟ್ಟೆಯಲ್ಲಿ ಗಂಟು ಹಾಕಿ ದಾರಕ್ಕೆ ಕಟ್ಟಿ ಬಿಟ್ಟೆ. ಬುಳುಕ್ ಅಂತು, ಸೀದಾ ಪಾತಾಳ.

ಸ್ವಲ್ಪ ದೂರ ಹೋಗ್ತಿದ್ದಂಗೆ ಹರಿಗೋಲು ಗಕ್ಕನೆ ನಿಂತ್ಕೊಂಡ್ತು. ಎಳೆದೆ. ಅದೂ ಎಳೀತು. ಇಷ್ಟು ವರ್ಷದಲ್ಲಿ ನನ್ನನ್ನ ಎಳೆಯೋ ಮೀನು ಇನ್ನೂ ಮೊಟ್ಟೆಯಿಂದ ಬಂದಿಲ್ಲ. ಕಾಲು ಊರಿ ಮತ್ತೆ ಎಳೆದೆ. ಆಗ ಹರಿಗೋಲು ನನ್ನನ್ನೂ ಕೂರಿಸ್ಕೊಂಡು ತನ್ನಷ್ಟಕ್ಕೆ ತಾನೇ ದಡದ ಕಡೆ ಹೊರಡ್ತು. ಮೀನು ಅಲ್ಲ, ಇದು ಕೆರೆ ಕಾಯೋ ದೇವರೇ ಅಂತ ಕೈ ಮುಗಿದೆ. ಕೈ ಮುಗಿದಷ್ಟೂ ಜೋರಾಗಿ ಹೋಯ್ತು.

ದಡದಲ್ಲಿ ನೋಡಿದ್ರೆ ಒಂದು ಟ್ರ್ಯಾಕ್ಟರ್ ಹಿಂದೆ ಹಿಂದೆ ಹೋಗ್ತಾ ಇದೆ. ಅದರ ಮುಂದೆ ಹಗ್ಗ, ಹಗ್ಗಕ್ಕೆ ಪೈಪು. ಪಕ್ಕದ ತೋಟದೋನು ಟೊಮೇಟೊಗೆ ನೀರು ಎಳೆಯೋಕೆ ಗುಟ್ಟಾಗಿ ಕೆರೆಯೊಳಗೆ ಪೈಪು ಬಿಟ್ಟಿದ್ದ. ನನ್ನ ಗಾಳ ಅದಕ್ಕೆ ಸಿಕ್ಕಾಕ್ಕೊಂಡಿತ್ತು. ನೀರಿನೊಳಗಿಂದ ಯಾವನೋ ಕಳ್ಳ ಪೈಪು ಎಳೀತಾವ್ನೆ ಅಂತ ಅವನು ಟ್ರ್ಯಾಕ್ಟರ್ ತಂದಿದ್ದ. ನನ್ನ ಹರಿಗೋಲು ಕೆಸರಿಗೆ ಬಂದು ನಿಂತಾಗ ಅವನು ಇಳಿದು ಬಂದು ನನ್ನನ್ನ ಮೇಲಿಂದ ಕೆಳಗೆ ನೋಡ್ದ.

"ತಾತಾ, ನಾನು ಮೀನು ಇಡಿಯೋಕೆ ಅಂತ ಬಂದೋನಲ್ಲ. ನೀನಾಗೇ ಬಂದು ಬಿದ್ದುಬಿಟ್ಟಿದ್ದೀಯ. ಒತ್ಕೊಂಡು ಓಗ್ಲಾ, ವಾಪಸ್ ಬಿಟ್ಬಿಡ್ಲಾ?"

ವೇಗ

ಆಳ ಸರಿಯಾಗಬೇಕಾದ್ರೆ ಹರಿಗೋಲು ಒಂದೇ ಸಮ ಹೋಗಬೇಕು ಅಂತ ಬುದ್ಧಿ ಬಂತು. ಗುಂಡು ತೆಗೆದು ಬಾಗಿಲಿಗೇ ಇಟ್ಟೆ. ಹುಟ್ಟು ಹಾಕೋಕೆ ಹೆಂಡ್ತೀನ ಕರೆದೆ. ಅವಳ ತವರುಮನೆ ಕೆರೆ ಪಕ್ಕದಲ್ಲೇ, ಲಂಗ ಹಾಕೋ ಕಾಲದಿಂದ ಹರಿಗೋಲು ಗೊತ್ತು. ಮೊಮ್ಮಗಳ ಮಾನಕ್ಕೋಸ್ಕರ ಬತ್ತೀನಿ, ನಿನಗೋಸ್ಕರ ಅಲ್ಲ ಅಂತ ಹೇಳಿಯೇ ಹತ್ತಿದ್ಲು.

ಮೊದಲು ಚೆನ್ನಾಗೇ ಹೋಯ್ತು. ನಡುವೆ ಮಾತಿಗೆ ಅಂತ, ಅವಳ ವಾರಗಿತ್ತಿ, ಅಂದ್ರೆ ನನ್ನ ತಮ್ಮನ ಹೆಂಡ್ತಿ, ಮದುವೆಗೆ ಯಾವ ಸೀರೆ ಉಡ್ತಾಳಂತೆ ಅಂದೆ. ಅಷ್ಟೇ. ಹರಿಗೋಲು ಎಕ್ಸ್‌ಪ್ರೆಸ್ ಬಸ್ಸಾಯ್ತು. ಒಂದೊಂದು ಬೈಗುಳಕ್ಕೆ ಒಂದೊಂದು ಹುಟ್ಟು. ಹಿಂದೆ ತಿರುಗಿ ನೋಡಿದ್ರೆ ಚಮಚ ನೀರಿನ ಮೇಲೆ ಕಪ್ಪೆ ಹಂಗೆ ನೆಗೀತಾ ಬರ್ತಾ ಇದೆ. ಹೆದರಿ, ಪಾಪ ನಿಮ್ಮಪ್ಪ ಇದ್ದಿದ್ರೆ ಮರಿಮೊಮ್ಮಗಳ ಮದುವೆ ನೋಡ್ತಿದ್ರು ಅಂದೆ. ಹುಟ್ಟು ತೊಡೆ ಮೇಲೆ ಇಟ್ಕೊಂಡು ಸೆರಗಿನಲ್ಲಿ ಕಣ್ಣೊರೆಸ್ಕೊಂಡ್ಲು. ಚಮಚ ತಳ ಸೇರ್ತು.

ನಾನು ಬೆಪ್ಪಾಗಿ ಕೂತೆ. ಇಷ್ಟು ವರ್ಷ ಸಂಸಾರ ಮಾಡಿದ್ರೂ ಈ ಗೇರು ನನಗೆ ಸಿಕ್ಕಿರ್ಲಿಲ್ಲ. ಅಲ್ಲಿಂದ ಮುಂದಕ್ಕೆ ನಾನು ಕೆರೆಗೆ ರಾಜ. ಚಮಚ ಮೇಲೆ ಬರಬೇಕಾ, ವಾರಗಿತ್ತಿ. ಕೆಳಗೆ ಹೋಗಬೇಕಾ, ಅವಳಪ್ಪ. ಬಂಡೆ ಬಂತಾ, ವಾರಗಿತ್ತಿಯ ಸರ. ಗುಂಡಿ ಬಂತಾ, ಅಪ್ಪ ಕೊಡಿಸಿದ್ದ ಕಾಲುಗೆಜ್ಜೆ. ಬಾಯಲ್ಲೇ ಆಳ ಹಿಡೀತಾ ಕೆರೆ ಸುತ್ತಿಸ್ದೆ.

ಆದ್ರೆ ದುರಾಸೆ ನೋಡಿ. ಮೀನು ಇರೋ ಜಾಗದಲ್ಲಿ ಅತ್ತ ಜೋರೂ ಅಲ್ಲ, ಇತ್ತ ನಿಧಾನವೂ ಅಲ್ಲ, ಮಧ್ಯ ಬೇಕಿತ್ತು. ಎರಡೂ ಸೇರಿಸೋಣ ಅಂತ, ನಿಮ್ಮಪ್ಪ ಸತ್ತಾಗ ನಿನ್ನ ವಾರಗಿತ್ತಿ ಅಳ್ಲೇ ಇಲ್ಲ ಅಲ್ವಾ ಅಂದುಬಿಟ್ಟೆ. ಅವಳು ಅಳ್ತಾನೇ ಒಂದೇ ಕಡೆ ಹುಟ್ಟು ಹಾಕೋಕೆ ಶುರು ಮಾಡಿದ್ಲು. ಹರಿಗೋಲು ಬೀಸೋ ಕಲ್ಲಿನ ಹಂಗೆ ಗಿರ್ರನೆ ತಿರುಗ್ತು. ದಾರ ನಮ್ಮಿಬ್ಬರನ್ನೂ ಸೇರಿಸಿ ಸುತ್ಕೊಂಡ್ತು. ಬೆನ್ನಿಗೆ ಬೆನ್ನು ಕಟ್ಟಿ ಹಾಕಿದಂಗೆ ಕೆರೆ ಮಧ್ಯ ಕೂತ್ವಿ. ಆಗ ಅವಳು ತಣ್ಣಗೆ ಹೇಳಿದ್ಲು:

"ಮದ್ವೆಯಾದಾಗಿಂದ ಬಾಯಿ ಮುಚ್ಚು ಬಾಯಿ ಮುಚ್ಚು ಅಂತಿದ್ದೋನು ಇವತ್ತು ತಾನಾಗೇ ಮಾತಿಗೆ ಎಳೀತಾವ್ನೆ ಅಂದಾಗ್ಲೇ ನನಗೆ ಅನುಮಾನ ಬಂದಿತ್ತು ಕಣಯ್ಯಾ."

ಗಂಟೆ

ಮದುವೆ ಹತ್ತಿರ ಬಂತು. ಮೀನಿಲ್ಲ. ಮೊಮ್ಮಗಳು ಬಾಯಿಬಿಟ್ಟು ಏನೂ ಅನ್ನಲಿಲ್ಲ, ಆದ್ರೆ ನಾನು ಬರಿಗೈಲಿ ಬಂದಾಗೆಲ್ಲ ಕಾಲು ತೊಳೆಯೋಕೆ ನೀರು ಕೊಟ್ಟು ಸುಮ್ನೆ ಒಳಗೆ ಹೋಗೋಳು. ಅದು ಬೈದಿದ್ದಕ್ಕಿಂತ ಜಾಸ್ತಿ ಸುಡ್ತಿತ್ತು.

ಆಗ ನೆನಪಾದೋನು ಮೈಸೂರು ಮೈನ್ಸಿನ ಡ್ರೈವರಣ್ಣ. ಬಸ್ ಡ್ರೈವರ್ ಅಲ್ಲ. ಗಣಿ ಬಾವಿಯೊಳಗೆ ಆಳುಗಳನ್ನ ಕೇಜು ಅನ್ನೋ ಕಬ್ಬಿಣದ ಪಂಜರದಲ್ಲಿ ಕೂರಿಸಿ ಇಳಿಸ್ತಾರಲ್ಲ, ಆ ಕೇಜಿನ ಹಗ್ಗ ಸುತ್ತೋ ಇಂಜಿನ್ ಡ್ರೈವರ್. ಮೈನ್ಸ್ ಮುಚ್ಚಿ ಕಾಲವಾಯ್ತು, ಕೈ ಮಾತ್ರ ಇನ್ನೂ ಡ್ಯೂಟಿ ಮೇಲೇ ಇದೆ. ಮನೆಯ ಬಾವಿಯಿಂದ ಬಿಂದಿಗೆ ಸೇದಿದ್ರೂ ತುಳುಕಲ್ಲ. ಭೂಮಿಯೊಳಗೆ ಮೈಲಿಗಟ್ಟಲೆ ಆಳ ಇಳಿಸಿದ ನನಗೆ ನಿನ್ನ ಕೆರೆ ಒಂದು ಲೋಟ ಅಂತ ಜಂಭ ಕೊಚ್ಚಿದ. ಜಂಭದೋರು ಅಂದ್ರೆ ನನಗೆ ಆಗಲ್ಲ, ಆದ್ರೂ ಕರ್ಕೊಂಡು ಬಂದೆ.

ಹಳೇ ರಾಟೆಗೆ ಹಿಡಿಕೆ ಹಾಕಿ ದಾರ ಸುತ್ತಿದ. ಮಾರಿಗೊಂದು ಕೆಂಪು ನೂಲು ಕಟ್ಟಿದ. ನಾನೇ ಹುಟ್ಟು ಹಿಡಿದೆ, ಹರಿಗೋಲು ಹೊರಡ್ತು, ದಾರ ಬಿಡಣ್ಣ ಅಂದೆ. ಅಲ್ಲಾಡ್ಲಿಲ್ಲ.

"ಬೆಲ್ ಇಲ್ಲದೆ ಕೈ ಓಡಾಕಿಲ್ಲ ಅಣ್ಣೇ. ನಿಂತಿದ್ದಾಗ ಒಂದು ಬೆಲ್ ಬಂದ್ರೆ ಎತ್ತುತೀನಿ, ಓಡ್ತಿದ್ದಾಗ ಒಂದು ಬಂದ್ರೆ ನಿಲ್ಲಿಸ್ತೀನಿ. ಎರಡಕ್ಕೆ ಇಳಿಸ್ತೀನಿ. ಮೂರು ಬಂದ್ರೆ ಆಳು ಅವ್ರೆ ಅಂತ, ಮೆಲ್ಲಗೆ ನಡೆಸ್ತೀನಿ."

ಬಾಯಲ್ಲಿ ಹೇಳಿದ್ರೆ ಆಗಲ್ವಾ ಅಂದ್ರೆ, ಬಾಯಿ ನಂಬಿ ಇಂಜಿನ್ ಓಡಿಸಿದ್ರೆ ಊರಿನಲ್ಲಿ ಗಂಡಸ್ರೇ ಉಳೀತಿರ್ಲಿಲ್ಲ ಅಂದ. ದಡಕ್ಕೆ ಹೋಗಿ ಎತ್ತಿನ ಕೊರಳ ಗಂಟೆ ತಂದೆ. ಎರಡು ಬಾರಿಸಿದೆ. ಅಬ್ಬಾ, ಆ ಕೈ! ದಾರ ಹಾಲು ಹುಯ್ದಂಗೆ ಇಳೀತು. ತಳಕ್ಕಿಂತ ಒಂದು ಮಾರು ಮೇಲೆ ಇದ್ದಾಗ ಒಂದು ಬಾರಿಸಿದೆ, ನಿಲ್ಲಿಸಿ ಕಣ್ಣು ಮುಚ್ಚಿ ಕೂತ. ಅರ್ಧ ಕೆರೆ ದಾಟಿರ್ಲಿಲ್ಲ, ರಾಟೆ ಕಿರ್ರ್ ಅಂತು. ಬಾಳೆ ಮೀನು!

ಒಂದು ಬಾರಿಸಿದೆ. ಸುತ್ತೋಕೆ ಶುರು ಮಾಡ್ದ. ಮೀನಿನ ತಲೆ ನೀರಿನ ಮೇಲೆ ಬಂತು ನೋಡಿ, ಎಮ್ಮೆ ಕರುವಿನ ತಲೆಗೆ ಮೀಸೆ ಬಂದಂಗಿತ್ತು. ಇನ್ನೊಂದು ಮಾರು ಬಂದ್ರೆ ನನ್ನ ಕೈಗೆ. ಅಷ್ಟರಲ್ಲಿ ದಡಕ್ಕೆ ಕುರಿ ಮಂದೆ ನೀರು ಕುಡಿಯೋಕೆ ಇಳೀತು. ಮುಂದಿನ ಟಗರಿನ ಕೊರಳಲ್ಲಿ ಗಂಟೆ. ಅದು ಬಗ್ಗಿ ನೀರಿಗೆ ಮೂತಿ ಇಟ್ತು. ಟಣ್.

ಡ್ರೈವರಣ್ಣ ನಿಲ್ಲಿಸಿಬಿಟ್ಟ. ದಾರ ಸಡಿಲ ಆಯ್ತು. ಮೀನು ಚಮಚ ಉಗಿದು, ನನ್ನ ಮುಖ ಒಂದು ಸಲ ನೋಡಿ, ನಿಧಾನಕ್ಕೆ ಹೋಯ್ತು. ಅಣ್ಣ, ಅದು ಟಗರು ಕಣೋ ಅಂತ ಅಳೋ ಧ್ವನಿಯಲ್ಲಿ ಅಂದೆ.

"ಇರಬೌದು ಅಣ್ಣೇ. ಯಾರು ಒಡೆದ್ರು ಅಂತ ಕೇಳೋದು ಡ್ರೈವರ್ ಕೆಲ್ಸ ಅಲ್ಲ."

ಬೀಗರು ಹತ್ತಿದ್ದು

ಮದುವೆ ಆಯ್ತು. ಬೀಗರೂಟಕ್ಕೆ ಒಂದು ದಿನ ಮುಂಚೆ ಗಂಡು ಹೆಣ್ಣು ನಮ್ಮನೆಗೆ ಬಂದ್ರು. ಅವ್ರ ಹಿಂದೆನೇ ಬೀಗರೂ ಬಂದ್ರು. ಮೀನು ಎಲ್ಲಿ ಬೀಗ್ರೇ ಅಂತ ಬಾಗಿಲಲ್ಲೇ ಕೇಳಿದ್ರು. ಕೆರೇಲಿ ಇಟ್ಟಿದ್ದೀನಿ, ಹಳಸಬಾರದು ಅಂತ ಅಂದೆ. ಹಂಗಾದ್ರೆ ನಾನೂ ಹರಿಗೋಲು ಹತ್ತುತೀನಿ, ಸಾಕ್ಷಿಗೆ ಅಂದ್ರು.

ಹೆಂಡ್ತಿ ಹುಟ್ಟು ಹಿಡಿದ್ಲು, ಡ್ರೈವರಣ್ಣ ರಾಟೆ ಹಿಡಿದ, ನಾನು ಗಂಟೆ ಹಿಡಿದೆ. ಬೀಗರು ಕೂತ್ರು. ಹರಿಗೋಲು ಅಂಚಿನವರೆಗೂ ಮುಳುಗ್ತು. ನಮ್ಮ ಕತೆ ಮುಗೀತು ಅಂದ್ಕೊಂಡೆ. ಆದ್ರೆ ಆದದ್ದೇ ಬೇರೆ. ಬೀಗರ ಭಾರಕ್ಕೆ ಹರಿಗೋಲು ಓಡೋಕೂ ಆಗದೆ ನಿಲ್ಲೋಕೂ ಆಗದೆ ಗಬ್ಬದ ಹಸು ಹಂಗೆ ಹೋಯ್ತು. ಬೀಗರ ಮುಂದೆ ಮಾತಾಡಬಾರದು ಅಂತ ಹೆಂಡ್ತಿ ಸೆರಗು ಹೊದ್ದು ತುಟಿ ಬಿಗಿದಿದ್ಲು, ಹುಟ್ಟು ಒಂದೇ ಸಮ ಬಿತ್ತು. ಬೇಸಿಗೆಯೆಲ್ಲ ಒದ್ದಾಡಿದ್ರೂ ಒಟ್ಟಿಗೆ ನೆಟ್ಟಗೆ ನಿಲ್ಲದ ಆಳ, ವೇಗ, ಎರಡೂ ಬೀಗರ ಕುಂಡಿ ಇಟ್ಟ ಕೂಡ್ಲೇ ಬಂದುಬಿಡ್ತು. ನಾನು ಬಾಯಿ ಬಿಟ್ಕೊಂಡು ನೋಡ್ತಾ ಇದ್ದಂಗೇ ರಾಟೆ ಕಿರ್ರ್ ಅಂತು.

ಒಂದು ಬಾರಿಸಿದೆ. ಬಂತು, ಅದೇ ಮೀನು, ಅದೇ ಮೀಸೆ. ಬೀಗರು ನೋಡೋಣ ಅಂತ ಎದ್ದು ನಿಂತ್ರು. ಹರಿಗೋಲಿನಲ್ಲಿ ಎದ್ದು ನಿಲ್ಲಬಾರದು. ಧಡಾರ್ ಅಂತ ನೀರಿಗೆ ಬಿದ್ರು, ಸರಿಯಾಗಿ ಮೀನಿನ ಮೇಲೆ. ಬಿದ್ದ ಹೊಡೆತಕ್ಕೆ ಹೆಂಡ್ತಿ ಒಂದು ಕಡೆ ನಾನೊಂದು ಕಡೆ ಹರಿಗೋಲಿನೊಳಗೇ ಉರುಳಿದ್ವಿ. ನನ್ನ ಕೈಲಿದ್ದ ಗಂಟೆ ತಾನಾಗೇ ಬಡ್ಕೊಂಡ್ತು. ಟಣ್, ಟಣ್, ಟಣ್.

ಡ್ರೈವರಣ್ಣನ ಮುಖ ನೀವು ನೋಡಬೇಕಿತ್ತು. ಮೈನ್ಸ್ ಮುಚ್ಚಿದ ಮೇಲೆ ಮೊದಲ್ನೇ ಸಲ ಅವನ ಹಗ್ಗದಲ್ಲಿ ಆಳು! ಬೆನ್ನು ನೆಟ್ಟಗೆ ಮಾಡ್ದ. ಮೆಲ್ಲಗೆ, ಒಂದು ಜಗ್ಗಿಲ್ಲದೆ, ತುಳುಕಿಲ್ಲದೆ ಸುತ್ತಿದ. ಬೀಗರು ಕಣ್ಣು ಮುಚ್ಕೊಂಡು, ಎರಡೂ ಕೈಯಲ್ಲಿ ಏನನ್ನೋ ತಬ್ಕೊಂಡು, ತೇಲ್ತಾ ಬಂದ್ರು. ಗಾಳ ಮೀನಿನ ಬಾಯಿಂದ ಬಿಟ್ಟು ಬೀಗರ ಪಂಚೆಯ ಕಚ್ಚೆಗೆ ಸಿಕ್ಕಾಕ್ಕೊಂಡಿತ್ತು. ಅವ್ರು ತಬ್ಕೊಂಡಿದ್ದು ಮೀನು. ಭಯಕ್ಕೆ ಹಿಡಿದಿದ್ದು, ಬಿಡೋದು ಹೆಂಗೆ ಅಂತ ಅವ್ರಿಗೂ ಗೊತ್ತಿರ್ಲಿಲ್ಲ, ಮೀನಿಗೂ ಗೊತ್ತಿರ್ಲಿಲ್ಲ. ಹರಿಗೋಲಿನ ಅಂಚಿಗೆ ಸರಿಸಮ ತಂದು ನಿಲ್ಲಿಸಿ ಡ್ರೈವರಣ್ಣ ಮರ್ಯಾದೆಯಿಂದ ಹೇಳ್ದ:

"ಸರ್ಫೇಸ್ ಬಂತು ಸಾರ್. ಇಳೀರಿ."

ಪಂಕ್ತಿ

ದಾರ ಕತ್ತರಿಸಿ ಬೀಗರನ್ನ ಬಿಡಿಸಿದ್ವಿ. ಅವ್ರು ನನ್ನ ಕೈ ಹಿಡ್ಕೊಂಡು, ಬಿದ್ದ ವಿಷ್ಯ ಊರಿಗೆ ಗೊತ್ತಾಗಬಾರದು ಬೀಗ್ರೇ, ಮೀನು ನೀವೇ ಹಿಡಿದಿದ್ದು ಅಂದ್ರು. ನಾನೂ ಹೆಂಡ್ತೀನೂ ಡ್ರೈವರಣ್ಣನೂ ಮಾತು ಕೊಟ್ವಿ. ಒದ್ದೆ ಪಂಚೆ ಮನೇಲಿ ಒಗೆಯೋಕೆ ಹಾಕಿ ನನ್ನ ಪಂಚೆ ಉಟ್ಕೊಂಡ್ರು. ಸೊಂಟಕ್ಕೆ ಸಾಲ್ಲಿಲ್ಲ, ಅದು ಬೇರೆ ಮಾತು.

ಮಾರನೇ ದಿನ ಚಪ್ಪರದ ಕೆಳಗೆ ಪಂಕ್ತಿ. ಆ ಒಂದು ಮೀನು ಬೀಗರ ಪಂಕ್ತಿಗೆಲ್ಲ ಆಗಿ, ತಲೆಯೊಂದೇ ಒಂದು ಮಡಕೆ ತುಂಬ್ತು. ನಂಬೋರು ನಂಬಿ. ಗಂಡು ಹೆಣ್ಣು ಅಕ್ಕಪಕ್ಕ ಕೂತಿದ್ರು. ನಾನೇ ಬಕೆಟ್ಟು ಹಿಡಿದು ಒಂದೊಂದು ಎಲೆಗೂ ತುಂಡು ಹಾಕ್ತಾ, ನಮ್ಮ ಗಾಳ, ನಮ್ಮ ಕೆರೆ ಅಂತ ಎದೆ ಮುಂದೆ ಮಾಡ್ಕೊಂಡು ಬಂದೆ. ಮೊಮ್ಮಗಳು ತಲೆ ಎತ್ತಿ ನನ್ನ ನೋಡಿ ನಕ್ಕಳು. ಆ ನಗು ನೋಡಿ ಎಷ್ಟು ದಿನ ಆಗಿತ್ತೋ.

ಆಗ ಬೀಗರಿಗೆ ಊಟ ತಲೆಗೇರ್ತು. ಇಡೀ ಪಂಕ್ತಿಗೆ ಕೇಳೋ ಹಂಗೆ ಶುರು ಮಾಡಿದ್ರು. ನಾನು ಬೇಸಿಗೆಯೆಲ್ಲ ಗಾಳ ಎಳೆದು ಸೋತ್ನಂತೆ. ಪಾಪ ಅನ್ನಿಸಿ ತಾವೇ ಕಚ್ಚೆ ಕಟ್ಟಿ ಕೆರೆಗೆ ಧುಮುಕಿದ್ರಂತೆ. ತಳಕ್ಕೆ ಹೋಗಿ, ಬಂಡೆ ಸಂದೀಲಿ ಮಲಗಿದ್ದ ಬಾಳೆ ಮೀನನ್ನ ಎಬ್ಬಿಸಿ, ಬಾ ಅಂತ ತಬ್ಕೊಂಡು ಮೇಲೆ ಬಂದ್ರಂತೆ. ನನ್ನ ಕೈಲಿದ್ದ ಸೌಟು ಬಕೆಟ್ಟಿಗೆ ಬಿತ್ತು. ಇಷ್ಟು ದೊಡ್ಡ ಸುಳ್ಳನ್ನ ನನ್ನ ಜೀವಮಾನದಲ್ಲಿ ನಾನೇ ಹೇಳಿರ್ಲಿಲ್ಲ.

ಪಂಕ್ತಿಯ ಆ ತುದಿಯಿಂದ ಬೀಗರ ತಮ್ಮ ಕೇಳ್ದ, ಹಂಗಾದ್ರೆ ಮೀನು ಹಿಡಿದಿದ್ದು ಹೆಣ್ಣಿನ ತಾತನ ಗಾಳ ಅಲ್ಲ, ಎಲೆ ಎತ್ತೋ ಮಾತು ಏನಾಯ್ತು ಅಂತ. ನಾಲ್ಕು ಜನ ನಕ್ಕರು. ಆಮೇಲೆ ಯಾರೂ ನಗಲಿಲ್ಲ, ಎಲ್ರೂ ನನ್ನ ಮುಖ ನೋಡಿದ್ರು. ಬೀಗರು ತಮ್ಮ ಬಾಯಿಗೆ ತಾವೇ ಸಿಕ್ಕಿ, ಹೌದು ಅನ್ನೋಕೂ ಆಗದೆ ಅಲ್ಲ ಅನ್ನೋಕೂ ಆಗದೆ ಎಲೆ ನೋಡ್ತಾ ಕೂತ್ರು. ಮಾತು ಕೊಟ್ಟ ನನ್ನ ಬಾಯಿಗೆ ಬೀಗ. ಬಕೆಟ್ಟು ಕೆಳಗಿಟ್ಟೆ. ಮೊದಲ್ನೇ ಎಲೆ ಕಡೆ ಬಗ್ಗಿದೆ.

"ತಾತ, ನಿಲ್ಲು."

ಮೊಮ್ಮಗಳು. ಹೊಸ ಮದುವಣಗಿತ್ತಿ, ಪಂಕ್ತಿಯಲ್ಲಿ, ಗಂಡನ ಪಕ್ಕದಲ್ಲಿ. ಬೀಗಿತ್ತಿಯರೆಲ್ಲ ತುತ್ತು ಕೈಯಲ್ಲೇ ಹಿಡ್ಕೊಂಡು ನೋಡಿದ್ರು. ಅವಳು ಸೆರಗಿನ ಗಂಟು ಬಿಚ್ಚಿ ಏನೋ ತೆಗೆದು ಬೀಗರ ಎಲೆ ಪಕ್ಕ ಇಟ್ಟಳು. ಸ್ಟೀಲ್ ಚಮಚದ ತಲೆ, ಅದಕ್ಕೆ ಗಾಳ.

"ನಿಮ್ಮ ಪಂಚೆ ಒಗೆಯೋವಾಗ ಕಚ್ಚೆಯಲ್ಲಿ ಸಿಕ್ತು ತಾತ," ಅಂದಳು ಬೀಗರಿಗೆ ಮೆಲ್ಲಗೆ. "ಮೀನು ನೀವೇ ಇಡಿದಿರಬೌದು. ನಮ್ಮ ತಾತನ ಗಾಳದಲ್ಲಿ ಬಿದ್ದಿದ್ದು ನೀವು. ಗಾಳದಲ್ಲಿ ಬಿದ್ದಿದ್ದನ್ನೇ ಎಲೆಗೆ ಆಕ್ತೀನಿ ಅಂತ ತಾನೆ ಅವ್ರ ಮಾತು? ನಿಮ್ಮನ್ನ ತುಂಡು ತುಂಡಾಗಿ ಎಚ್ಚೋಕೆ ನಮಗೆ ಮನಸ್ಸು ಬರ್ಲಿಲ್ಲ. ಅದಕ್ಕೇ ಮೀನು ಆಕಿದ್ದೀವಿ."

ಬೀಗರು ಗಾಳ ನೋಡಿದ್ರು, ಹುಡುಗೀನ ನೋಡಿದ್ರು, ತಮ್ಮ ತಮ್ಮನನ್ನ ಒಂದು ಸಲ ನೋಡಿ ಬಾಯಿ ಮುಚ್ಚಿಸಿದ್ರು. ಆಮೇಲೆ ಎಲೆ ಮುಂದಕ್ಕೆ ನೂಕಿ ನನಗೆ ಇನ್ನೊಂದು ತುಂಡು ಹಾಕಿ ಬೀಗ್ರೇ ಅಂದು, ಪಕ್ಕದಲ್ಲಿ ತಲೆ ತಗ್ಗಿಸಿ ಕೂತಿದ್ದ ಮೊಮ್ಮಗನ ಬೆನ್ನಿಗೆ ಒಂದು ಗುದ್ದಿದ್ರು:

"ಇನ್ಮೇಲೆ ನಮ್ಮನೇಲಿ ನೀನೂ ನಾನೂ ಬಾಯಿ ತೆಗೆಯೋದು ಮುದ್ದೆ ನುಂಗಾಕೆ ಮಾತ್ರ ಕಣ್ಲಾ."